ಮಾಲ್ಡೀವ್ಸ್ ಟ್ರಿಪ್‌ಗೆ ಫ್ಲೈ ರಾಡ್ ಒಯ್ಯಲಾ? ಮೊಣಕಾಲುದ್ದ ಉಪ್ಪುನೀರಲ್ಲಿ ಗಾಳ ಹಾಕಿದವರು ಯಾರಾದ್ರೂ ಇದ್ದೀರಾ?

ಬೆಣ್ಣೆನಗರಿ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಮನೆಮಂದಿಯೆಲ್ಲ ಮಾಲ್ಡೀವ್ಸ್‌ಗೆ ಹೊರಟಿದ್ದೀವಿ. ನಾನು, ಮನೆಯವಳು, ಇಬ್ಬರು ಮಕ್ಕಳು, ಜೊತೆಗೆ ನಮ್ಮವ್ವ. ರೆಸಾರ್ಟಿನ ರೇಟು ಕೇಳಿ ತಲೆ ತಿರುಗಿತು, ಅದಕ್ಕೇ ಅಲ್ಲಿನ ಜನ ವಾಸ ಇರೋ ದ್ವೀಪದಲ್ಲಿ ಒಂದು ಗೆಸ್ಟ್‌ಹೌಸ್ ನೋಡಿದ್ದೀನಿ. ಟಿಕೆಟ್ ಇನ್ನೂ ಮಾಡಿಲ್ಲ.

ನಾನು ಇಲ್ಲಿವರೆಗೆ ಗಾಳ ಹಾಕಿದ್ದು ಸೂಳೆಕೆರೆ, ಕೊಂಡಜ್ಜಿ, ಹರಿಹರದ ಹೊಳೆ, ಅಷ್ಟೇ. ಎರೆಹುಳ, ಹಿಟ್ಟಿನ ಉಂಡೆ ಹಾಕಿ ಜಿಲೇಬಿ, ಕಾಟ್ಲ ಮೀನು. ಅಕ್ಕನ ಮಗ ಅಮೆರಿಕದಿಂದ ಬಂದಾಗ 8 ನಂಬರಿನ ಫ್ಲೈ ರಾಡು, ರೀಲು, ಒಂದು ಡಬ್ಬಿ ಫ್ಲೈ (ಗಾಳದ ಮುಳ್ಳಿಗೆ ಗರಿ, ದಾರ ಸುತ್ತಿ ಮಾಡಿದ ನಕಲಿ ಹುಳ) ಬಿಟ್ಟು ಹೋಗಿದ್ದ. ಅಟ್ಟದ ಮೇಲಿತ್ತು, ಈಗ ಕೆಳಗಿಳಿಸಿದ್ದೀನಿ. ಸಮುದ್ರದ ಆಳವಿಲ್ಲದ ನೀರಲ್ಲಿ ನಡ್ಕೊಂಡು ಹೋಗಿ, ಮೀನನ್ನ ಕಣ್ಣಲ್ಲಿ ನೋಡಿ ಆಮೇಲೆ ಫ್ಲೈ ಎಸೀತಾರಂತಲ್ಲ, ಅದನ್ನ ಒಂದು ಸಲ ಮಾಡ್ಬೇಕು ಅಂತ ಆಸೆ. ಈ ರಾಡ್ ಸಾಕಾ? ಗೈಡ್ ಬೇಕೇ ಬೇಕಾ? ಯಾವ ದಿನ ಹೋದ್ರೆ ಚಲೋ? ಮನೇಲಿ ನಾವು ಮೀನು ಮಾಂಸ ಮುಟ್ಟಲ್ಲ, ಹಿಡಿದದ್ದನ್ನ ಬಿಡೋದೇ.

ಸೂಳೆಕೆರೆ ಸೀನಿಯರ್ (ಚನ್ನಗಿರಿ)

ಹಿಡಿದು ಬಿಡೋಕೆ ವಿಮಾನ ಹತ್ಬೇಕಾ ತಮ್ಮಾ? ನಮ್ಮ ಕೆರೆಗೆ ಬಾ, ಬಿಡೋದು ನೀನು ಬಿಡು, ಬುಟ್ಟಿ ನಾನು ಹಿಡ್ಕೊಂಡು ಕೂತಿರ್ತೀನಿ.

ಏಳುಸುತ್ತಿನ ಕೋಟೆ (ಚಿತ್ರದುರ್ಗ, ಸದ್ಯ ಮಸ್ಕತ್)

ಸೀನಿಯರ್ ಮಾತು ಒಂದ್ಕಡೆ ಇರಲಿ. ಬೆಣ್ಣೆನಗರಿ ಅವರೇ, ರಾಡ್ ಖಂಡಿತ ಒಯ್ಯಿರಿ. ಮಾಲ್ಡೀವ್ಸ್ ನಾನು ನೋಡಿದ್ದೀನಿ, ದಕ್ಷಿಣ ಒಮಾನಿನ ದಂಡೆಯಲ್ಲಿ ಪರ್ಮಿಟ್ ಮೀನಿನ ಹಿಂದೆ ಬಿದ್ದು ಮರ್ಯಾದೆ ಕಳ್ಕೊಂಡವನೂ ಹೌದು. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಫ್ಲ್ಯಾಟ್ಸ್ ಅಂದ್ರೆ ಹವಳದ ದಿಬ್ಬದ ಒಳಮಗ್ಗುಲಿನ ಮರಳು ಬಯಲು. ಇಳಿತದಲ್ಲಿ ಪಾದ ಮುಳುಗೋಷ್ಟು ನೀರು, ಉಬ್ಬರದಲ್ಲಿ ತೊಡೆವರೆಗೆ. ನೀರು ಏರ್ತಾ ಬಂದಂಗೆ ಮೀನು ಆಳದಿಂದ ಮೇಲೆ ಹತ್ತಿ ಏಡಿ, ಸೀಗಡಿ ಕೆದಕಿ ತಿಂತವೆ, ಇಳಿಯೋಕೆ ಶುರುವಾದ್ರೆ ವಾಪಸ್. ನಿಮಗೆ ಸಿಗೋ ಅವಕಾಶ ಈ ಹೋಗಿ ಬರೋ ಹೊತ್ತಿನಲ್ಲೇ.

ಅಲ್ಲಿ ಏನೇನಿದೆ? ಬೋನ್‌ಫಿಶ್ ಇದೆ, ಆದ್ರೆ ಬಹಾಮಾಸ್‌ನಲ್ಲಿ ಕಾಣೋ ಹಂಗೆ ಹಿಂಡು ಹಿಂಡಾಗಿ ನಿರೀಕ್ಷೆ ಮಾಡ್ಬೇಡಿ. ಬ್ಲೂಫಿನ್ ಟ್ರೆವಲಿ ಇದೆ, ಕೈಯಳತೆಯ ಮೀನಾದ್ರೂ ಎಳೆತ ಜೋರು. ಟ್ರಿಗರ್‌ಫಿಶ್ ಅಂತೂ ಇದ್ದೇ ಇದೆ, ತಲೆ ಕೆಳಗೆ ಮಾಡಿ ತಿನ್ನುವಾಗ ಬಾಲ ನೀರಿನ ಮೇಲೆ ಬಂದು ಅಲ್ಲಾಡುತ್ತೆ. ಇವೆಲ್ಲದಕ್ಕೂ 8 ನಂಬರ್ ಸಾಕು. ಜೈಂಟ್ ಟ್ರೆವಲಿ, ಜಿಟಿ ಅಂತಾರಲ್ಲ, ಅದನ್ನ ಕಂಡ್ರೆ ಮಾತ್ರ ಈ ರಾಡಲ್ಲಿ ಎಸೀಬೇಡಿ. ಜಪಾನಿನಲ್ಲಿ 2006ರಲ್ಲಿ ಹಿಡಿದ ದಾಖಲೆ ಮೀನು 72.8 ಕೆಜಿ. ಅಂಥದು ನಿಮಗೆ ಸಿಗಲ್ಲ ಬಿಡಿ, ಆದ್ರೆ ಹತ್ತು ಕೆಜಿದು ಬಂದ್ರೂ 8 ನಂಬರ್ ಕಥೆ ಮುಗೀತು. ಅದಕ್ಕೆ 12 ನಂಬರ್ ರಾಡ್, ನೂರು ಪೌಂಡ್ ದಾಟಿದ ಎಳೆತ ತಡೆಯೋ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ದಾರ) ಬೇಕು.

ಈಗ ಮುಖ್ಯ ವಿಷಯ. ಕೆರೆ ಗಾಳದಲ್ಲಿ ದೂರ ಹಾರೋದು ಸೀಸದ ತೂಕದಿಂದ. ಫ್ಲೈಗೆ ತೂಕವೇ ಇಲ್ಲ, ತೂಕ ಇರೋದು ಲೈನಿನಲ್ಲಿ. 8 ನಂಬರ್ ಅಂದ್ರೆ ಲೈನಿನ ಮೊದಲ 30 ಅಡಿಯ ತೂಕ 210 ಗ್ರೇನ್, ಸುಮಾರು 13.6 ಗ್ರಾಂ. ಆ ಲೈನನ್ನ ಹಿಂದಕ್ಕೆ ಬಿಚ್ಚಿ, ನೆಟ್ಟಗಾಗೋವರೆಗೆ ಕಾದು, ಮುಂದಕ್ಕೆ ತರೋದೇ ವಿದ್ಯೆ. ನಮ್ಮೋರು ಕಾಯಲ್ಲ. ಗಾಳ ಬೀಸಿ ಅಭ್ಯಾಸ ಇದ್ದೋರಿಗೆ ಇದು ಇನ್ನೂ ಕಷ್ಟ.

ಅಳಿಯ ಬಿಟ್ಟು ಹೋದ ಲೈನ್ ಯಾವುದು ಅಂತ ನೋಡಿ. ತಣ್ಣೀರಿನ ಟ್ರೌಟ್ ಲೈನ್ ಆಗಿದ್ರೆ ಅಲ್ಲಿನ ಬಿಸಿಲಿಗೆ ಮೆತ್ತಗಾಗಿ ರಾಡಿನ ಉಂಗುರಕ್ಕೆ ಅಂಟ್ಕೊಳ್ಳುತ್ತೆ. ಟ್ರಾಪಿಕಲ್ ಅಂತ ಬರೆದಿರೋ ತೇಲೋ ಲೈನೇ ಬೇಕು. ಹಿಂದೆ ಕನಿಷ್ಠ 150 ಮೀಟರ್ ಬ್ಯಾಕಿಂಗ್, ಅಂದ್ರೆ ಮೀನು ದೂರ ಓಡಿದ್ರೆ ಬಿಚ್ಚೋಕೆ ರೀಲಿಗೆ ಮೊದಲು ಸುತ್ತಿರೋ ದಾರ. ಲೀಡರ್ 9ರಿಂದ 12 ಅಡಿ, ತುದಿಗೆ 16 ಪೌಂಡ್ ಫ್ಲೋರೋಕಾರ್ಬನ್ ದಾರ. ಡಬ್ಬಿಯಲ್ಲಿ ಏನಿದೆ ಫೋಟೋ ಹಾಕಿ.

ಬೆಣ್ಣೆನಗರಿ

ಅಣ್ಣಾ, ಇಷ್ಟು ಬರೆದಿದ್ದಕ್ಕೆ ಶರಣು. ಫೋಟೋ ಹಾಕಿದ್ದೀನಿ. ಲೈನಿನ ಪೆಟ್ಟಿಗೆ ಮೇಲೆ ಟ್ರಾಪಿಕಲ್ ಅಂತ ಇಲ್ಲ, ಟ್ರೌಟ್ ಚಿತ್ರ ಐತೆ.

ಏಳುಸುತ್ತಿನ ಕೋಟೆ

ಹಂಗಾದ್ರೆ ಲೈನ್ ಒಂದು ಹೊಸದು ತಗೊಳ್ಳಿ, ಉಳಿದಿದ್ದು ಸರಿ ಇದೆ. ಫೋಟೋದಲ್ಲಿ ಎಡಗಡೆ ಮಣಿಕಣ್ಣಿನ ಸಣ್ಣ ಬಿಳಿ ಫ್ಲೈ ಇದೆಯಲ್ಲ, ಅದು ಕ್ರೇಜಿ ಚಾರ್ಲಿ. 1970ರ ದಶಕದಲ್ಲಿ ಬಾಬ್ ನೌಹೈಮ್ ಅನ್ನೋ ಅಮೆರಿಕದವರು ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಗಾಳ ಹಾಕಿದ ಮೇಲೆ ಕಟ್ಟಿದ್ದು, ಹೆಸರು ಅಲ್ಲಿನ ಗೈಡ್ ಚಾರ್ಲಿ ಸ್ಮಿತ್‌ದು. ಮಣಿಯ ತೂಕಕ್ಕೆ ಮುಳ್ಳು ಮೇಲ್ಮುಖ ಆಗುತ್ತೆ, ಮರಳಿಗೆ ಸಿಕ್ಕಲ್ಲ. ಪಕ್ಕದ್ದು ಕ್ಲೌಸರ್, ಅದು ಪೆನ್ಸಿಲ್ವೇನಿಯಾದ ಹೊಳೆ ಮೀನಿಗೆ ಅಂತ ಹುಟ್ಟಿದ್ದು, ಈಗ ಜಗತ್ತಿನ ಯಾವ ಉಪ್ಪುನೀರಿಗೆ ಹೋದ್ರೂ ಡಬ್ಬಿಯಲ್ಲಿರುತ್ತೆ. ಏಡಿ ಥರದ್ದು ಒಂದೂ ಕಾಣ್ಲಿಲ್ಲ. ಟ್ರಿಗರ್‌ಗೆ ಏಡಿ ಬೇಕು, ನಾಲ್ಕೈದು ತರಿಸಿಕೊಳ್ಳಿ.

ಮಾರಿಕಣಿವೆ ಗಾಳ (ಹಿರಿಯೂರು)

ಸಾಮಾನು ಆಯ್ತು, ಈಗ ಕೈ. ಫೆಬ್ರವರಿಗೆ ಟೈಮ್ ಐತೆ. ಬೆಳಿಗ್ಗೆ ವಾಕಿಂಗ್‌ನೋರು ಬರೋಕೆ ಮುಂಚೆ ಹೈಸ್ಕೂಲ್ ಮೈದಾನಕ್ಕೆ ಹೋಗ್ರಿ. ಮುಳ್ಳಿರೋ ಫ್ಲೈ ಬೇಡ, ಕೆಂಪು ಉಲ್ಲನ್ ದಾರದ ತುಂಡು ಕಟ್ರಿ. ಹುಲ್ಲಿನ ಮೇಲೆ ಮಾತ್ರ. ಮಣ್ಣು, ಕಾಂಕ್ರೀಟ್ ಮೇಲೆ ಎಳೆದ್ರೆ ಲೈನಿನ ಮೈ ಕೆತ್ತಿ ಹೋಗುತ್ತೆ. 40 ಅಡಿಗೆ ಒಂದು ಚಪ್ಪಲಿ ಇಡಿ, ಅದರ ಪಕ್ಕಕ್ಕೆ ದಾರ ಬೀಳ್ಬೇಕು. ದೂರ ಎಸೆಯೋ ಹಟ ಬೇಡ್ರೀ. ಕಂಡ ಮೇಲೆ ಎರಡು ಬೀಸಿನೊಳಗೆ ಫ್ಲೈ ಬಿದ್ದಿರ್ಬೇಕು, ಅಷ್ಟೇ ಲೆಕ್ಕ. ನಾಲ್ಕು, ಐದು ಸಲ ಗಾಳಿಯಲ್ಲಿ ಬೀಸ್ತಾ ನಿಂತ್ರೆ ನೆರಳಿಗೇ ಮೀನು ಹೋಗಿರುತ್ತೆ.

ಗಾಳಿಯಲ್ಲಿ ಮಾಡಿದ್ರೇನೆ ಅಭ್ಯಾಸ. ಆಷಾಢದ ಗಾಳಿ ಸಿಗೋದಿಲ್ಲ ನಿಮಗೀಗ, ಸಿಕ್ಕಿದ್ರೆ ಅದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಒಂದು ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬಂದ್ಬಿಡಿ. ಗಾಳಿಯಂತ್ರ ತಿರುಗೋ ಜಾಗ, ವರ್ಷವೆಲ್ಲ ಬೀಸುತ್ತೆ. ಒಂದು ಮಾತು: ಗಾಳಿ ಬಲಗಡೆಯಿಂದ ಬರ್ತಿದ್ದು, ನೀವು ಬಲಗೈಯವರಾದ್ರೆ ಫ್ಲೈ ನಿಮ್ಮ ಕಿವಿಗೇ ಬರುತ್ತೆ. ಆವಾಗ ಮೀನಿಗೆ ಬೆನ್ನು ಹಾಕಿ ನಿಂತು, ಹಿಂದಿನ ಬೀಸನ್ನೇ ಮೀನಿನ ಕಡೆ ಬಿಡಬೇಕು.

ಕಣ್ಣಿಗೂ ಅಭ್ಯಾಸ ಬೇಕು. ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಲ್ಲಿ ಜಿಲೇಬಿ ಮೀನು ತಟ್ಟೆ ಥರ ಗುಂಡಿ ತೋಡಿ ಮೊಟ್ಟೆ ಕಾಯ್ತಾ ನಿಂತಿರ್ತವೆ. ಪೋಲರೈಸ್ಡ್ ಕನ್ನಡಕ ಹಾಕ್ಕೊಂಡು ಸುಮ್ನೆ ಅವನ್ನ ಹುಡುಕ್ತಾ ನಡೀರಿ. ಗಾಳ ಹಾಕೋದಾದ್ರೆ ಮಾತ್ರ ಗುತ್ತಿಗೆದಾರರನ್ನ ಕೇಳಿ ಹಾಕಿ, ಕೇಳದೇ ನಿಂತ್ರೆ ರಾಡು ಕಿತ್ಕೊಂಡು ಕಳಿಸ್ತಾರೆ.

ಹರಿಹರದ ಹುಡುಗ

ಕನ್ನಡಕ ಯಾವ ಬಣ್ಣದ್ದು ಸರ್? ಕಪ್ಪು ಸಾಕಾ?

ಏಳುಸುತ್ತಿನ ಕೋಟೆ

ಕಪ್ಪು ಬೂದಿ ಬಣ್ಣ ಬೋಟಿನಲ್ಲಿ ಆಳ ಸಮುದ್ರಕ್ಕೆ ಸರಿ. ಫ್ಲ್ಯಾಟ್ಸ್‌ಗೆ ತಾಮ್ರ ಅಥವಾ ಕಂದು ಬಣ್ಣದ ಗಾಜು. ಮರಳಿನ ಮೇಲೆ ಮೀನಿನ ಅಂಚು ಎದ್ದು ಕಾಣುತ್ತೆ. ಟೋಪಿ ಅಂಚಿನ ಒಳಮೈ ಕಪ್ಪಿರಲಿ, ಬಿಳಿ ಇದ್ರೆ ನೀರಿನ ಹೊಳಪು ಅದಕ್ಕೆ ಬಡಿದು ಕಣ್ಣಿಗೇ ಬರುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಸೂರ್ಯ ಕೆಳಗಿರ್ತಾನೆ, ಮೈ ಕಾಣಲ್ಲ, ಬಾಲ ಅಥವಾ ನೀರಿನ ನಡುಕ ನೋಡಿಯೇ ಹುಡುಕ್ಬೇಕು. ಮೋಡ ಮುಚ್ಚಿದ್ರೆ ಮಕ್ಕಳ ಜೊತೆ ಆಟ ಆಡ್ಕೊಂಡಿರಿ.

ಕುಂದಾಪ್ರದವ ದಾವಣಗೆರೆಯಲ್ಲಿ

ಎಂತ ಮಾರ್ರೆ, ಇಷ್ಟೆಲ್ಲ ಹೇಳಿದ್ರಿ, ನೀರಿನ ಏರಿಳಿತದ ದಿನ ಯಾರೂ ಹೇಳ್ಲಿಲ್ಲ ಅಲ್ದಾ? ಬಯಲುಸೀಮೆಯವ್ರು ಮರೆಯೋದು ಇದನ್ನೇ.

ಕಾಣಿ, ಮನೆಯಲ್ಲಿ ಪಂಚಾಂಗ ಉಂಟಲ್ಲ, ಅದನ್ನ ತೆಗೀರಿ. ಹುಣ್ಣಿಮೆ, ಅಮಾವಾಸ್ಯೆ ಹತ್ರ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಅಷ್ಟಮಿ ಹತ್ರ ಏರೋದೂ ಕಮ್ಮಿ, ಇಳಿಯೋದೂ ಕಮ್ಮಿ, ನೀರು ಸತ್ತ ಹಂಗೆ ನಿಂತಿರುತ್ತೆ. ಮಾಲ್ಡೀವ್ಸ್‌ನಲ್ಲಿ ದೊಡ್ಡ ಏರಿಳಿತ ಅಂದ್ರೂ ಒಂದು ಮೀಟರ್ ಆಸುಪಾಸು. ಹಾಗಾಗಿ ಅಷ್ಟಮಿಗೆ ಹೋದ್ರೆ ಮೀನು ದಿಬ್ಬ ಹತ್ತೋ ಅಷ್ಟು ನೀರೇ ಓಡಲ್ಲ.

ಮತ್ತೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ಇವತ್ತು ಏಳಕ್ಕೆ ಇಳಿತ ಆದ್ರೆ ನಾಳೆ ಎಂಟರ ಹತ್ರ. ಆ ದ್ವೀಪದ ಟೈಡ್ ಪಟ್ಟಿ ಆಪ್‌ನಲ್ಲಿ ಸಿಗುತ್ತೆ, ಬೆಳಿಗ್ಗೆ ಎಂಟು ಒಂಬತ್ತಕ್ಕೆ ಇಳಿತ ಮುಗಿದು ನೀರು ಏರೋಕೆ ಶುರು ಆಗೋ ದಿನ ಆರಿಸಿ. ಹೊಸ ನೀರು, ಬೆನ್ನಿಗೆ ಬಿಸಿಲು, ಎರಡೂ ಒಟ್ಟಿಗೆ ಸಿಕ್ತದೆ. ಅಲ್ಲಿ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ, ನೆನಪಿರಲಿ.

ಹೂಮೀನು (ಮಿಲ್ಕ್‌ಫಿಶ್) ಕಂಡ್ರೆ ಸಮಯ ಹಾಳು ಮಾಡ್ಬೇಡಿ. ಹಿಂಡು ಹಿಂಡಾಗಿ ಮುಂದೆ ಸುತ್ತಾಡ್ತವೆ, ತಿನ್ನೋದು ಪಾಚಿ. ಅದಕ್ಕೆ ಬೇರೆಯೇ ಫ್ಲೈ, ಬೇರೆಯೇ ಹುಚ್ಚು ಬೇಕು.

ಬೆಣ್ಣೆನಗರಿ

ಪಂಚಾಂಗ ನೋಡಿದೆ. ಒಳ್ಳೆ ಫಜೀತಿ. ಹುಣ್ಣಿಮೆ ಅಂದ್ರೆ ಭರತ ಹುಣ್ಣಿಮೆ, ಅವ್ವ ಉಚ್ಚಂಗಿದುರ್ಗಕ್ಕೆ ಹೋಗ್ಲೇಬೇಕು, ಅವತ್ತು ವಿಮಾನ ಅಂದ್ರೆ ಮನೆಗೆ ಸೇರ್ಸಲ್ಲ. ಅಮಾವಾಸ್ಯೆಗೆ ಅಂದ್ರೆ ಹಿಂದಿನ ದಿನವೇ ಶಿವರಾತ್ರಿ, ಜಾಗರಣೆ. ಮಿಕ್ಕಿದ್ದು ಅಷ್ಟಮಿಗಳು.

ಕುಂದಾಪ್ರದವ ದಾವಣಗೆರೆಯಲ್ಲಿ

ಹ್ಹ ಹ್ಹ. ದೇವ್ರು ನಿಮ್ಮ ಕಡೆ ಇದ್ದಾನೆ ಮಾರ್ರೆ. ದೊಡ್ಡ ಉಬ್ಬರ ಹುಣ್ಣಿಮೆ ದಿನವೇ ಬರೋದಲ್ಲ, ಒಂದೆರಡು ದಿನ ತಡ. ಅಮ್ಮನನ್ನ ಉಚ್ಚಂಗಿದುರ್ಗಕ್ಕೆ ಕರ್ಕೊಂಡು ಹೋಗಿ, ಹಣ್ಣುಕಾಯಿ ಮಾಡ್ಸಿ, ಮರುದಿನ ಬೆಂಗಳೂರಿಗೆ ಹೊರಡಿ. ದ್ವೀಪ ಮುಟ್ಟೋ ಹೊತ್ತಿಗೆ ಸರಿಯಾದ ನೀರು.

ಸೂಳೆಕೆರೆ ಸೀನಿಯರ್

ಇದೊಂದು ಒಪ್ಕೊಂಡೆ. ಹುಣ್ಣಿಮೆ ಮರುದಿನ ನಮ್ಮ ಕೆರೇಲೂ ಮೀನು ಬೇರೆ ಥರ ಆಡ್ತವೆ. ಯಾಕೆ ಅಂತ ಕೇಳ್ಬೇಡಿ.

ಕೋಟೆನಾಡು ಟ್ರೆಕ್ಕರ್ (ಚಿತ್ರದುರ್ಗ)

ಮಾಲ್ಡೀವ್ಸ್ ಯಾಕೆ, ನಮ್ಮ ಲಕ್ಷದ್ವೀಪ, ಅಂಡಮಾನ್ ಇಲ್ವಾ?

ಏಳುಸುತ್ತಿನ ಕೋಟೆ

ಇದೆ. ಲಕ್ಷದ್ವೀಪದ ಲಗೂನ್ ನೋಡಿದ್ರೆ ಗಾಳ ಹಿಡಿದವನ ಕೈ ತುರಿಸುತ್ತೆ. ಆದ್ರೆ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕು, ಕೊಚ್ಚಿಯಿಂದ ಅಗತ್ತಿಗೆ ವಿಮಾನ ಅಥವಾ ಹಡಗು. ಫ್ಲೈ ಮೀನುಗಾರಿಕೆ ಗೊತ್ತಿರೋ ಗೈಡ್ ಸಿಗೋದು ದುರ್ಲಭ. ಅಂಡಮಾನ್‌ನಲ್ಲಿ ಬೋಟಿನಿಂದ ಪಾಪರ್ (ನೀರಿನ ಮೇಲೆ ಸದ್ದು ಮಾಡೋ ನಕಲಿ ಮೀನು) ಎಸೆದು ಜಿಟಿ ಹಿಡಿಯೋರು ಜಾಸ್ತಿ. ಅಲ್ಲಿ ಮ್ಯಾಂಗ್ರೋವ್ ಹಳ್ಳಗಳ ಹತ್ತಿರ ಮೊಣಕಾಲುದ್ದ ನೀರಲ್ಲಿ ನಡೆಯೋ ಯೋಚನೆ ಬೇಡ, ಉಪ್ಪುನೀರಿನ ಮೊಸಳೆ ಇದೆ. ಸೀಶೆಲ್ಸ್ ಹೊರ ದ್ವೀಪಗಳು, ಅಲ್ಫೋನ್ಸ್, ಕಾಸ್ಮೊಲೆಡೊ, ಇವು ಈ ಆಟದ ಕಾಶಿ ಇದ್ದಂಗೆ. ಖರ್ಚು ಕೇಳಿದ್ರೆ ಎರಡು ಎಕರೆ ಅಡಿಕೆ ತೋಟ ಇಟ್ಕೊಂಡು ಕೇಳಿ.

ವಿದ್ಯಾನಗರ ಡಾಕ್ಟ್ರು (ದಾವಣಗೆರೆ)

ಗಾಳದ ಬಗ್ಗೆ ಗೊತ್ತಿಲ್ಲ, ಕಾಲಿನ ಬಗ್ಗೆ ಹೇಳ್ತೀನಿ. ಬರಿಗಾಲಲ್ಲಿ ಅಥವಾ ಹವಾಯಿ ಚಪ್ಪಲಿಯಲ್ಲಿ ಇಳಿಯಬೇಡಿ, ಗಟ್ಟಿ ಅಟ್ಟೆಯ ವೇಡಿಂಗ್ ಬೂಟು ಬೇಕು. ಕಾಲು ಎತ್ತಿ ಇಡದೆ ಮರಳಲ್ಲಿ ಎಳೀತಾ ನಡೀರಿ. ತೊರಕೆ (ಸ್ಟಿಂಗ್‌ರೇ ಮೀನು) ಮರಳಲ್ಲಿ ಹೂತುಕೊಂಡು ಮಲಗಿರುತ್ತೆ, ಕಾಲು ತಾಗಿದ್ರೆ ಓಡುತ್ತೆ, ಮೇಲೆ ತುಳಿದ್ರೆ ಬಾಲದ ಮುಳ್ಳು ಹೊಡೆಯುತ್ತೆ.

ಸ್ಟೋನ್‌ಫಿಶ್ ನೋಡೋಕೆ ಪಾಚಿ ಹಿಡಿದ ಕಲ್ಲು, ಬೆನ್ನ ಮೇಲೆ ವಿಷದ ಮುಳ್ಳು. ಚುಚ್ಚಿದ್ರೆ ಮೊದಲ ಕೆಲಸ ಬಿಸಿನೀರು. ತಡ್ಕೊಳ್ಳೋವಷ್ಟು ಬಿಸಿ, 45 ಡಿಗ್ರಿ ಮೀರದ ನೀರಲ್ಲಿ ಕಾಲು ಇಟ್ಟು ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ನೀರಿನ ಬಿಸಿಯನ್ನ ನೋವಿಲ್ಲದ ಕೈಯಲ್ಲಿ ನೋಡಿ, ಚುಚ್ಚಿಸಿಕೊಂಡ ಕಾಲಿಗೆ ಬಿಸಿ ತಿಳಿಯಲ್ಲ, ಸುಟ್ಟೇ ಹೋಗುತ್ತೆ. ನೋವು ಕಮ್ಮಿಯಾಯ್ತು ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು. ಬಿಗಿಯಾಗಿ ಬಟ್ಟೆ ಕಟ್ಟೋದು, ಕುಯ್ದು ರಕ್ತ ಬಿಡೋದು ಬೇಡ.

ಹವಳ ಗೀಚಿದ ಗಾಯ ಚಿಕ್ಕದಾದ್ರೂ ತೊಳೆದು ಚೊಕ್ಕ ಮಾಡಿ, ಬೇಗ ಕೀವಾಗುತ್ತೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು ನೋಡ್ಕೊಳ್ಳಿ. ಕತ್ತಿನ ಹಿಂದೆ, ಮಂಡಿಯ ಹಿಂದೆ, ಪಾದದ ಮೇಲೆ ಬಿಸಿಲು ಸುಡುತ್ತೆ. ಅಮ್ಮನಿಗೆ ಬಿಪಿ ಮಾತ್ರೆ ಏನಾದ್ರೂ ಇದ್ರೆ ಹೆಚ್ಚಿಗೆ ಇಟ್ಕೊಳ್ಳಿ, ಸಣ್ಣ ದ್ವೀಪದಲ್ಲಿ ನಿಮ್ಮ ಕಂಪನಿಯದ್ದೇ ಸಿಗುತ್ತೆ ಅನ್ನೋ ಭರವಸೆ ಇಲ್ಲ.

ಏಳುಸುತ್ತಿನ ಕೋಟೆ

ಡಾಕ್ಟ್ರೇ, ದೊಡ್ಡ ಉಪಕಾರ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನ ಮರಳಲ್ಲಿ ಉಜ್ಜಿ ತೊಳೆದು ಆಮೇಲೆ ಲೈನ್ ಮುಟ್ಟಿ, ಅದು ಲೈನಿನ ಮೇಲ್ಪದರ ಹಾಳು ಮಾಡುತ್ತೆ. ಬೆರಳು ಬಿಟ್ಟ ತೆಳು ಗ್ಲೌಸ್ ಹಾಕಿದ್ರೆ ಆ ರಗಳೆಯೇ ಇಲ್ಲ.

ಗಾಳದವನ ಹೆಂಡತಿ (ದಾವಣಗೆರೆ)

ಬೆಣ್ಣೆನಗರಿ ಅಣ್ಣಾ, ನಿಮ್ಮ ಮನೆಯವರು ಈ ಗುಂಪಲ್ಲಿಲ್ಲ ಅನ್ಕೊಂಡಿದ್ದೀನಿ, ಅವರ ಪರವಾಗಿ ನಾನು ಬರೀತೀನಿ. ನಮ್ಮನೆಯವರು ಇಂಥದೇ ಒಂದು ಪ್ರವಾಸದಲ್ಲಿ "ಒಂದು ಗಂಟೆ, ಬಂದೆ" ಅಂತ ಹೋಗಿ ಮಧ್ಯಾಹ್ನದ ಊಟಕ್ಕೂ ಇಲ್ಲ. ನಾನು ಮಕ್ಕಳನ್ನ ಇಟ್ಕೊಂಡು ದಂಡೆ ಮೇಲೆ. ಅದಕ್ಕೆ ಮೊದಲೇ ಒಪ್ಪಂದ ಮಾಡ್ಕೊಳ್ಳಿ: ಗಾಳದ ಹೊತ್ತು ಬೆಳಗಿನದು, ಊಟದಿಂದ ಮುಂದೆ ಮನೆಮಂದಿದು. ಗೈಡ್ ಹಣ ಕೊಟ್ಟಿದ್ದೀನಿ ಅನ್ನೋ ನೆಪ ನಡೆಯಲ್ಲ.

ಊಟದ ವಿಷ್ಯ. ಅಲ್ಲಿ ತಿಂಡಿ ಅಂದ್ರೆ ಮಾಸ್ ಹುನಿ, ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ ಕಲಸಿದ್ದು, ಜೊತೆಗೆ ರೋಶಿ ಅಂತ ನಮ್ಮ ಚಪಾತಿ ಥರ. ಮೀನಿಲ್ಲದ ಪಲ್ಯ ಬೇಕು ಅಂತ ಬುಕಿಂಗ್ ಹೊತ್ತಲ್ಲೇ ಬರೆದು ಒಪ್ಪಿಸ್ಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಕಟ್ಕೊಂಡ್ರೆ ಅಮ್ಮನಿಗೆ ನಿಶ್ಚಿಂತೆ. ರಂಜಾನ್ ತಿಂಗಳು ಬಿದ್ರೆ ಹಗಲು ಹೋಟೆಲ್ ಮುಚ್ಚಿರ್ತಾವೆ. ಶುಕ್ರವಾರ ಸರ್ಕಾರಿ ದೋಣಿ ಓಡುತ್ತಾ ಅಂತ ಮೊದಲೇ ಕೇಳ್ಕೊಳ್ಳಿ. ಜನ ಇರೋ ದ್ವೀಪದಲ್ಲಿ ಮದ್ಯ ಇಲ್ಲ, ಬಟ್ಟೆಯೂ ಮೈ ಮುಚ್ಚೋ ಹಂಗಿರಬೇಕು. ನಮ್ಮಂಥವರಿಗೆ ಅದು ಅನುಕೂಲವೇ ಆಯ್ತು.

ಸೂಳೆಕೆರೆ ಸೀನಿಯರ್

ಎಲ್ಲ ಸರಿ. ನಾನು ಮೊದಲು ಕೇಳಿದ್ದು ಬರೀ ತಮಾಷೆ ಅಲ್ಲ. ನಾವು ಹಿಡಿತೀವಿ, ಸಾರು ಮಾಡಿ ತಿಂತೀವಿ. ಮೀನಿಗೂ ಗೊತ್ತು, ನಮಗೂ ಗೊತ್ತು. ತಿನ್ನದೇ ಇರೋರು ಅದರ ಬಾಯಿಗೆ ಮುಳ್ಳು ಚುಚ್ಚಿ, ಸುಸ್ತಾಗೋವರೆಗೆ ಆಡಿಸಿ, ಫೋಟೋ ತೆಗೆದು ಬಿಟ್ಟೆ ಅಂದ್ರೆ ಅದ್ಯಾವ ಪುಣ್ಯ?

ಬೆಣ್ಣೆನಗರಿ

ಅವ್ವನೂ ಇದನ್ನೇ ಕೇಳಿದ್ಲು ಸಾರ್. "ತಿನ್ನಲ್ಲ ಅಂದ್ಮೇಲೆ ಚುಚ್ಚೋದ್ಯಾಕೋ" ಅಂತ.

ಏಳುಸುತ್ತಿನ ಕೋಟೆ

ಪುಣ್ಯ ಅಂತ ನಾನಂತೂ ಹೇಳಲ್ಲ. ಆದ್ರೆ ಬಿಡೋದಕ್ಕೂ ಕಾನೂನಿನ ಬಲ ಇದೆ ಸೀನಿಯರ್. ಬೆಲೀಜ್ ದೇಶ 2009ರಲ್ಲಿ ಬೋನ್‌ಫಿಶ್, ಪರ್ಮಿಟ್, ಟಾರ್ಪನ್ ಮೂರನ್ನೂ ಹಿಡಿದ್ರೆ ಬಿಡಲೇಬೇಕು ಅಂತ ಕಾನೂನು ಮಾಡ್ತು. ಫ್ಲಾರಿಡಾ 2013ರಲ್ಲಿ ಬೋನ್‌ಫಿಶ್‌ಗೆ ಅದೇ ನಿಯಮ ತಂತು. ಆ ಮೀನು ಬದುಕಿದ್ರೆ ಗೈಡ್, ದೋಣಿಯವನು, ಗೆಸ್ಟ್‌ಹೌಸ್ ಎಲ್ಲರಿಗೂ ವರ್ಷಾನುಗಟ್ಟಲೆ ಅನ್ನ. ಸಾರಿಗೆ ಹೋದ್ರೆ ಒಂದು ಹೊತ್ತು.

ಆದ್ರೆ ಬಿಡೋದಕ್ಕೂ ರೀತಿ ಇದೆ. ಮುಳ್ಳಿನ ತುದಿ ಹತ್ರ ಹಿಂದಕ್ಕೆ ಚಾಚಿರೋ ಸಣ್ಣ ಮೊನೆಯನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಒದ್ದೆ ಕೈಯಲ್ಲಿ ಮುಟ್ಟಿ, ಬಟ್ಟೆಯಲ್ಲಿ ಹಿಡಿದ್ರೆ ಮೈ ಲೋಳೆ ಹೋಗುತ್ತೆ. ನೀರಿನಿಂದ ಎತ್ತೋದೇ ಬೇಡ, ಎತ್ತಿದ್ರೂ ಉಸಿರು ಬಿಡೋವಷ್ಟು ಹೊತ್ತು. ಬಹಾಮಾಸ್‌ನಲ್ಲಿ ಬೋನ್‌ಫಿಶ್ ಮೇಲೆ ನಡೆದ ಅಧ್ಯಯನದಲ್ಲಿ, ಬಿಟ್ಟಾಗ ಮೈ ನೆಟ್ಟಗೆ ನಿಲ್ಲಿಸಿಕೊಳ್ಳಲಾರದ ಮೀನುಗಳೇ ಶಾರ್ಕ್ ಬಾಯಿಗೆ ಹೆಚ್ಚು ಬಿದ್ದವು. ಸುತ್ತ ಶಾರ್ಕ್ ಮರಿಗಳು ಓಡಾಡ್ತಿದ್ರೆ ಅಲ್ಲಿ ಗಾಳ ಹಾಕೋದನ್ನೇ ನಿಲ್ಲಿಸಿ.

ಮಾರಿಕಣಿವೆ ಗಾಳ

ನಮ್ಮ ಕಾವೇರಿ ಮಹಶೀರ್ ಮೀನಿನ ಕಥೆ ಮರೀಬೇಡಿ. ಭೀಮೇಶ್ವರಿ, ಗಾಲಿಬೋರೆಯಲ್ಲಿ ಹಿಡಿದು ಬಿಡೋ ಗಾಳ ಇದ್ದಷ್ಟು ದಿನ ಹೊಳೆ ಕಾಯೋರು ಇದ್ರು, ಮೊದಲು ಡೈನಮೈಟ್ ಹಾಕ್ತಿದ್ದೋರೇ ಗೈಡ್ ಆಗಿದ್ರು. ಅಭಯಾರಣ್ಯದಲ್ಲಿ ಗಾಳ ನಿಂತು ಹೋಯ್ತು. ಗೂನುಬೆನ್ನಿನ ಮಹಶೀರ್ 2018ರಲ್ಲಿ ಐಯುಸಿಎನ್ (ಜಗತ್ತಿನ ಜೀವಿಗಳ ಅಳಿವಿನ ಲೆಕ್ಕ ಇಡೋ ಸಂಸ್ಥೆ) ಪಟ್ಟಿಯಲ್ಲಿ ಅಳಿವಿನ ಅಂಚಿಗೆ ಬಂದು ನಿಂತೈತೆ. ಗಾಳ ನಿಂತಿದ್ದಕ್ಕೇ ಹಂಗಾಯ್ತು ಅಂತ ನಾನು ಹೇಳ್ತಿಲ್ಲ, ಅಣೆಕಟ್ಟು, ಮರಳು, ಹೊರಗಿಂದ ತಂದು ಬಿಟ್ಟ ಬೇರೆ ಮಹಶೀರ್, ಕಾರಣ ಬಹಳ. ಆದ್ರೆ ಕಾಯೋ ಕಣ್ಣು ಕಮ್ಮಿಯಾಯ್ತು.

ಸೂಳೆಕೆರೆ ಸೀನಿಯರ್

ಕಾಯೋದು ಒಪ್ಪಿದೆ. ಚುಚ್ಚೋದು ಇನ್ನೂ ಒಪ್ಪಿಲ್ಲ.

ಕುಂದಾಪ್ರದವ ದಾವಣಗೆರೆಯಲ್ಲಿ

ನಮ್ಮ ಅಪ್ಪಯ್ಯ ಬಲೆ ಹಾಕಿಯೇ ನಮ್ಮನ್ನ ಸಾಕಿದ್ದು. ಅವ್ರಿಗೆ ಈ ವಿಡಿಯೋ ತೋರಿಸಿದ್ರೆ "ಹಿಡ್ದ್ ಬಿಡುಕ್ ಎಂತಕ್ಕೆ ಬೇಸಾಯ" ಅಂತ ನಗಾಡ್ತಾರೆ. ಸೀನಿಯರ್ ಜೊತೆ ಅವರನ್ನ ಕೂರಿಸಿದ್ರೆ ಸಾಯಂಕಾಲದವರೆಗೆ ಮಾತು ಮುಗಿಯಲ್ಲ.

ನಿರ್ವಾಹಕ

ಚರ್ಚೆ ಚೆನ್ನಾಗಿದೆ, ವೈಯಕ್ತಿಕ ಆಗದಿರಲಿ. ಮೂಲ ಪ್ರಶ್ನೆಗೆ ಬನ್ನಿ.

ಹರಿಹರದ ಹುಡುಗ

ಗೈಡ್ ಬೇಕಾ ಅನ್ನೋದಕ್ಕೆ ಉತ್ತರ ಬಂದಿಲ್ಲ. ಮತ್ತೆ ಮೀನು ಫ್ಲೈ ಕಚ್ಚಿದಾಗ ಏನ್ ಮಾಡ್ಬೇಕು? ನಾವು ರಾಡ್ ಎತ್ತಿ ಜಗ್ಗೋದೇ ಅಲ್ವಾ?

ಏಳುಸುತ್ತಿನ ಕೋಟೆ

ಎತ್ತಿದ್ರೆ ಹೋಯ್ತು! ಕೆರೆಯವರೆಲ್ಲ ಇಲ್ಲೇ ಎಡವೋದು. ರಾಡ್ ತುದಿ ನೀರಿನ ಕಡೆಗೇ ಇರಬೇಕು, ಎಡಗೈಯಲ್ಲಿ ಲೈನನ್ನ ಬಾವಿಯಿಂದ ಹಗ್ಗ ಜಗ್ಗಿದ ಹಂಗೆ ಉದ್ದಕ್ಕೆ ಎಳೀಬೇಕು. ರಾಡ್ ಎತ್ತಿದ್ರೆ ಫ್ಲೈ ಮೀನಿನ ಬಾಯಿಂದ ಮೇಲಕ್ಕೆ ಹಾರುತ್ತೆ. ಕೈಯಲ್ಲಿ ಎಳೆದಾಗ ಮೀನು ತಪ್ಪಿಸಿದ್ರೂ ಫ್ಲೈ ಒಂದಡಿ ಮುಂದೆ ಸರಿದು ಅಲ್ಲೇ ಇರುತ್ತೆ, ಮತ್ತೆ ಬಂದು ಕಚ್ಚುತ್ತೆ.

ಗೈಡ್ ಒಂದು ಬೆಳಿಗ್ಗೆಗಾದ್ರೂ ಇರಲಿ. ಅಲ್ಲಿ ರೆಸಾರ್ಟುಗಳ ಹವಳದ ದಿಬ್ಬದಲ್ಲಿ ಗಾಳ ಹಾಕೋ ಹಂಗಿಲ್ಲ, ಎಲ್ಲಿ ಹಾಕಬಹುದು ಅಂತ ಅವನಿಗೇ ಗೊತ್ತು. ಶಾರ್ಕ್ ಹಿಡಿಯೋದು 2010ರಿಂದ ನಿಷೇಧ. ದೋಣಿಯಲ್ಲಿದ್ರೆ ಅವನು "ಹನ್ನೊಂದು ಗಂಟೆ, ನಲವತ್ತಡಿ" ಅಂತಾನೆ. ದೋಣಿ ಮೂತಿ ಹನ್ನೆರಡು ಗಂಟೆ ಅಂತ ಲೆಕ್ಕ. ಮೊದಲು ರಾಡನ್ನ ಆ ದಿಕ್ಕಿಗೆ ಚಾಚಿ ತೋರಿಸಿ, ಅವನು ಎಡ ಬಲ ಸರಿ ಮಾಡ್ತಾನೆ, ಆಮೇಲೆ ಎಸೀರಿ. ಕಾಣದೇ ಎಸೆಯೋದು ಸುಮ್ನೆ.

ಗೈಡ್ ಇಲ್ಲದ ದಿನ ತೊರಕೆ ಹುಡುಕಿ. ಅದು ಮರಳು ಕೆದಕ್ತಾ ಹೋಗುತ್ತೆ, ಎದ್ದು ಬಂದ ಏಡಿ ತಿನ್ನೋಕೆ ಟ್ರೆವಲಿಗಳು ಅದರ ಬೆನ್ನ ಮೇಲೇ ತೇಲ್ತಾ ಬರ್ತವೆ. ನಾನು ನೋಡಿದ್ದು: ಕಪ್ಪು ಚಾಪೆಯಷ್ಟು ಅಗಲದ ತೊರಕೆ, ಹಿಂದೆ ಮೋಡ ಮೋಡವಾಗಿ ಮರಳು, ಮೇಲೆ ಎರಡು ಬ್ಲೂಫಿನ್. ಕ್ಲೌಸರ್ ತೊರಕೆಯ ಮೂತಿಗಿಂತ ಎರಡಡಿ ಮುಂದೆ ಬಿತ್ತು. ಒಂದು ಎಳೆತ, ಎರಡು. ಮುಂದಿನ ಮೀನು ವಾಲಿತು, ರೆಕ್ಕೆ ಅಂಚಿನ ನೀಲಿ ಹೊತ್ತಿಕೊಂಡ ಹಂಗಾಯ್ತು, ಹಿಂದಿನದು ಅದನ್ನ ದಾಟಿ ಬಂದು ಬಾಯಿ ಹಾಕ್ತು. ನೀರಲ್ಲಿ ತೇಲ್ತಿದ್ದ ಲೈನಿನ ಸುರುಳಿ ಸುಯ್ಯನೆ ಎದ್ದು ಅಂಗಿ ಗುಂಡಿಗೆ ಸಿಕ್ಕಿ, ಗುಂಡಿ ಕಿತ್ಕೊಂಡೇ ಉಂಗುರ ದಾಟ್ತು. ಆಮೇಲೆ ರೀಲಿನ ಹಿಡಿ ಬೆರಳ ಗೆಣ್ಣಿಗೆ ಬಡಿಯೋ ಸರದಿ. ಅದಕ್ಕೇ ಅಂಗಿ ಜೇಬು, ಬೂಟಿನ ಲಾಡಿ ಎಲ್ಲ ಒಳಗೆ ಸೇರಿಸ್ಕೊಂಡಿರಿ.

ಬೆಣ್ಣೆನಗರಿ

ಟಿಕೆಟ್ ಆಯ್ತು, ಹುಣ್ಣಿಮೆ ಮರುದಿನ ರಾತ್ರಿ ಊರು ಬಿಡೋದು. ರಾಡ್ ವಿಮಾನದಲ್ಲಿ ಕೈಯಲ್ಲಿ ಒಯ್ಯಬಹುದಾ?

ಮಾರಿಕಣಿವೆ ಗಾಳ

ಕೈಯಲ್ಲಿ ಬೇಡ್ರೀ, ತಪಾಸಣೆಯಲ್ಲಿ ವಾದ ಮಾಡ್ಕೊಂಡು ನಿಲ್ಲೋದು ಯಾಕೆ. ನಾಲ್ಕು ತುಂಡಿನ ರಾಡ್ ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಕೂರುತ್ತೆ. ಫ್ಲೈ, ಮುಳ್ಳು, ಇಕ್ಕಳ ಎಲ್ಲ ಚೆಕ್ ಇನ್ ಲಗೇಜಿಗೆ. ರೀಲ್ ಬೇಕಾದ್ರೆ ಬಟ್ಟೆಯಲ್ಲಿ ಸುತ್ತಿ. ಬರುವಾಗ ಹವಳದ ತುಂಡು ಮಕ್ಕಳ ಜೇಬಲ್ಲಿ ಇಲ್ಲ ಅಂತ ನೋಡ್ಕೊಳ್ಳಿ, ಅದನ್ನ ಹೊರಗೆ ತರೋ ಹಂಗಿಲ್ಲ.

ಬೆಣ್ಣೆನಗರಿ

ಹೋಗಿ ಬಂದ್ವಿ. ಕಾದಿರೋರಿಗೆ ವರದಿ.

ಬೋನ್‌ಫಿಶ್ ಕಂಡಿದ್ದು ನೆರಳಾಗಿ ಮಾತ್ರ. ಗೈಡ್ ತೋರಿಸ್ತಾನೆ, ನನಗೆ ಬರೀ ಮರಳು. ಅದು ಓಡಿದ ಮೇಲೆ "ಓ ಅಲ್ಲಿತ್ತು" ಅಂತೀನಿ. ಕುಂದಾಪ್ರದ ಅಣ್ಣ ಹೇಳಿದ ನೀರು ಕರೆಕ್ಟು, ಒಂಬತ್ತರ ಹೊತ್ತಿಗೆ ಹೊಸ ನೀರು ದಿಬ್ಬ ಹತ್ತೋದು ಕಾಲಿಗೇ ತಿಳೀತಿತ್ತು, ಸ್ವಲ್ಪ ತಣ್ಣಗಿರುತ್ತೆ. ಮೈದಾನದಲ್ಲಿ ಚಪ್ಪಲಿಗೆ ಹೊಡೆದಿದ್ದು ಕೈ ಹಿಡೀತು. ಗಾಳಿ ಎಡಗಡೆಯಿಂದ ಇದ್ದಿದ್ದು ನನ್ನ ಅದೃಷ್ಟ.

ಹಳದಿ ಅಂಚಿನ ಟ್ರಿಗರ್ ಒಂದು ಬಾಲ ಎತ್ತಿ ತಿಂತಾ ಇತ್ತು. ಏಡಿ ಫ್ಲೈ ಪಕ್ಕಕ್ಕೆ ಬಿತ್ತು. ತಿರುಗಿ ನೋಡ್ತು, ಬಂತು, ಮೂತಿ ಕೆಳಗೆ ಹಾಕಿ ಫ್ಲೈ ಮೇಲೇ ನಿಂತ್ಕೊಂತು. ಎಳೆದೆ, ಸಿಕ್ತು, ಹತ್ತಡಿ ಓಡಿ ಹವಳದ ಪೊಟರೆಯೊಳಗೆ ಹೋಗಿ ಕೂತ್ಬಿಡ್ತು. ಗೈಡ್ ಲೈನ್ ಸಡಿಲ ಬಿಡು ಅಂದ. ಬಿಟ್ಟೆ. ತಾನೇ ಹೊರಗೆ ಬಂತು, ನನ್ನ ಕಾಲಿನ ಹತ್ತಿರದವರೆಗೂ ಬಂತು, ಅಲ್ಲಿ ಫ್ಲೈ ಉಗುಳಿ ಹೋಯ್ತು. ಬಿಡೋ ಕೆಲಸವನ್ನ ಅದೇ ಮಾಡ್ಕೊಂತು, ಸೀನಿಯರ್ ಸಮಾಧಾನ ಆಗಲಿ. ಬ್ಲೂಫಿನ್ ಸಿಕ್ಕಿತು, ಸಣ್ಣದು. ಅವ್ವ ದಂಡೆ ಮೇಲಿಂದ "ಬಿಡೋ, ಪಾಪ" ಅಂತ ಕೂಗೋದು ಗೈಡಿಗೂ ಅರ್ಥ ಆಗಿ ನಕ್ಕ.

ಸೂಳೆಕೆರೆ ಸೀನಿಯರ್

ನಿಮ್ಮವ್ವ ನನ್ನ ಪಾರ್ಟಿ. ನಮಸ್ಕಾರ ತಿಳಿಸು.

ಬೆಣ್ಣೆನಗರಿ

ತಿಳಿಸ್ತೀನಿ ಸಾರ್. ಕೋಟೆ ಅಣ್ಣಾ, ಆ ಏಡಿ ಫ್ಲೈ ಮುಳ್ಳು ನೋಡಿ, ಫೋಟೋ ಹಾಕಿದ್ದೀನಿ. ಬಾಗಿ ಸೊಟ್ಟಗಾಗೈತೆ, ತುದಿ ಮುರಿದೈತೆ. ಬರೀ ಹಲ್ಲಲ್ಲಿ ಹಿಂಗೆ ಮಾಡುತ್ತಾ?

ಏಳುಸುತ್ತಿನ ಕೋಟೆ

ಮಾಡುತ್ತೆ. ಏಡಿ, ಮೃದ್ವಂಗಿಯ ಚಿಪ್ಪು ಒಡೆಯೋ ಹಲ್ಲು ಅದು, ತೆಳು ತಂತಿ ಯಾವ ಲೆಕ್ಕ. ಮುಂದಿನ ಸಲ ದಪ್ಪ ತಂತಿಯ ಗಿಡ್ಡ ಹುಕ್, 4 ಅಥವಾ 2 ನಂಬರ್, ಅದರ ಮೇಲೆ ಕಟ್ಟಿದ ಏಡಿ ತರಿಸಿ. ಮುಳ್ಳು ಬಿಡಿಸುವಾಗ ಬೆರಳು ಅದರ ಬಾಯಿ ಹತ್ರ ಒಯ್ಯಬೇಡಿ, ಉದ್ದ ಇಕ್ಕಳವೇ ಬೇಕು. ಮತ್ತೆ ರಾಡು, ರೀಲು, ಲೈನು ಎಲ್ಲ ಸಿಹಿನೀರಲ್ಲಿ ತೊಳೆದ್ರಾ? ಇಲ್ಲ ಅಂದ್ರೆ ಈಗಲೇ ಬಚ್ಚಲಿಗೆ ಒಯ್ದು, ರೀಲಿನ ಸ್ಪೂಲ್ ಬಿಚ್ಚಿ, ಬ್ಯಾಕಿಂಗ್ ಸಮೇತ ನೆನೆಹಾಕಿ. ಉಪ್ಪು ಒಳಗೇ ಉಳಿದ್ರೆ ಮುಂದಿನ ಹುಣ್ಣಿಮೆಗೆ ರೀಲ್ ತಿರುಗಲ್ಲ.